ಕೀಲಲ್ಲ, ಮೂಳೆ ಕಣಪ್ಪ

ಹಿಟ್ಟು ತೊಳಸುವುದು ಅರ್ಧ ಅಡುಗೆ, ಅರ್ಧ ಕುಸ್ತಿ. ಎಸರು ಕುದಿದು ರಾಗಿಹಿಟ್ಟು ಬಿದ್ದ ಮೇಲೆ ಕವೆಗೋಲಿನಿಂದ ಪಾತ್ರೆಯ ಕಂಠ ಹಿಡಿದು, ಅದರ ತುದಿಯನ್ನು ಕಾಲಲ್ಲಿ ಅದುಮಿಕೊಂಡು, ಎರಡು ಕೈಯಲ್ಲೂ ಕೋಲು ಹಿಡಿದು ಒಂದು ಗಂಟೂ ಉಳಿಯದಂತೆ ತಿರುವಬೇಕು. ಬೆರಳಿನ ಗಿಣ್ಣು, ಮಣಿಕಟ್ಟು, ಭುಜ ಎಲ್ಲ ಒಟ್ಟಿಗೆ ದುಡಿಯಬೇಕು. ಬೆಸಗರಹಳ್ಳಿಯ ನನ್ನ ಸೋದರತ್ತೆ ಹತ್ತು ಜನರ ಮನೆಗೆ ಎರಡು ಹೊತ್ತು ಹೀಗೆ ಹಿಟ್ಟು ತೊಳಸಿಕೊಂಡು ಬಂದವರು. ಹನ್ನೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಕೋಲು ಹಿಡಿಯಲು ಹೋದರೆ ಬೆರಳು ಮಡಚಲಿಲ್ಲ. ಮದ್ದೂರು, ಮಂಡ್ಯ, ಮೈಸೂರು ಅಂತ ಎಂಟು ತಿಂಗಳು ಸುತ್ತಿದ ಮೇಲೆ ಕಾಯಿಲೆಗೆ ಹೆಸರು ಸಿಕ್ಕಿತು: ರುಮಟಾಯ್ಡ್ ಆರ್ಥ್ರೈಟಿಸ್. ಮನೆಯಲ್ಲಿ ಮಾತ್ರ ಅದಕ್ಕೆ ಇವತ್ತಿಗೂ ವಾಯು ಅಂತಲೇ ಹೆಸರು.

ಮಾತ್ರೆ ಹಿಡಿಸಿತು. ಗಿಣ್ಣಿನ ಊತ ಇಳಿಯಿತು. ಬೆರಳು ಒಂಚೂರು ಸೊಟ್ಟಗಾಗಿದ್ದು ಬಿಟ್ಟರೆ ಹತ್ತು ವರ್ಷ ಹೇಗೋ ನಡೆಯಿತು. ಆಮೇಲೆ ಒಂದು ಸಲ ಹಬ್ಬಕ್ಕೆ ಹೋದಾಗ, ಕೈ ಹೆಂಗದೆ ಅತ್ತೆ ಅಂದೆ.

"ಕೈ ಬುಡು, ಅದು ಇದ್ದದ್ದೇ. ಈಗ ಬಂದಿರೋದು ಬ್ಯಾರೆ. ಕೀಲಲ್ಲ, ಮೂಳೆ ಕಣಪ್ಪ. ಒಳಗಿಂದ ಸೇದ್ತದೆ. ರಾತ್ರೆ ನಿದ್ದೆ ಬರಾಕಿಲ್ಲ."

ಸೀರೆ ಸ್ವಲ್ಪ ಮೇಲೆತ್ತಿ ಮಂಡಿಗೂ ಹರಡಿಗೂ ನಡುವೆ, ಕಣಕಾಲಿನ ಮುಂಭಾಗದ ಮೂಳೆಯುದ್ದಕ್ಕೂ ಬೆರಳೆಳೆದು ತೋರಿಸಿದರು. ಅಲ್ಲಿ ಕೀಲೇ ಇಲ್ಲ.

ಇದನ್ನು ಅವರು ನನಗೊಬ್ಬನಿಗೇ ಹೇಳಿದ್ದಲ್ಲ. ವಾಯು ಕಾಲಿಗೆ ಇಳಿದಿದೆ ಅಂತ ಮನೆಯವರು ಅಂದಿದ್ದರು. ವಯಸ್ಸಾಯ್ತಲ್ಲ ಅಂತ ಪಕ್ಕದ ಮನೆಯವರು ಅಂದಿದ್ದರು. ಔಷಧಿ ಅಂಗಡಿಯವರು ನೋವಿನ ಮಾತ್ರೆ ಕೊಟ್ಟಿದ್ದರು. ಅತ್ತೆ ತೋರಿಸಿಕೊಳ್ಳುತ್ತಿದ್ದ ಆಸ್ಪತ್ರೆಯ ಚೀಟಿಯಲ್ಲಿ ಆರು ತಿಂಗಳಿಂದ ಒಂದೇ ಸಾಲು ಇತ್ತು: ಜಾಯಿಂಟ್ ಪೇನ್. ಹಳೇ ಕಾಯಿಲೆಗೆ ಒಮ್ಮೆ ಹೆಸರು ಅಂಟಿತೆಂದರೆ ಆಮೇಲೆ ಬರುವ ನೋವೆಲ್ಲ ಅದರ ತಲೆಗೇ ಕಟ್ಟಿಕೊಳ್ಳುತ್ತದೆ. ರುಮಟಾಯ್ಡ್ ಇರುವವರ 'ಕಾರಣ ತಿಳಿಯದ' ಮೂಳೆನೋವಿನಲ್ಲಿ ಬಹುಪಾಲು, ಕಾರಣವನ್ನು ಯಾರೂ ಕೇಳದೇ ಬಿಟ್ಟ ನೋವು ಅನ್ನುವುದು ಅತ್ತೆಯ ಜೊತೆ ಎರಡು ವರ್ಷ ಓಡಾಡಿದ ಮೇಲೆ ನನಗೆ ಬಂದಿರುವ ಅಭಿಪ್ರಾಯ.

ನೋವಿಗೆ ನಮ್ಮ ಕಡೆ ಎಷ್ಟೊಂದು ಮಾತಿದೆ ನೋಡಿ. ಸೇದುತ್ತದೆ, ಹರಿಯುತ್ತದೆ, ಕಚ್ಚುತ್ತದೆ, ಚಳುಕು ಹೊಡೆಯುತ್ತದೆ, ಜೋಮು ಹಿಡಿಯುತ್ತದೆ, ಹಿಂಡುತ್ತದೆ, ಉರಿಯುತ್ತದೆ. ಇವೆಲ್ಲ ಒಂದೇ ಅಲ್ಲ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆ, ಒಂದು ಗಂಟೆ ಬಿಗಿದುಕೊಂಡು ಆಮೇಲೆ ಸಡಿಲವಾಗುವುದು ಕೀಲಿನ ಉರಿಯೂತದ ಗುಣ. ಕೈ ಜೋಮು ಹಿಡಿಯುವುದಕ್ಕೆ ಮಣಿಕಟ್ಟಿನಲ್ಲೋ ಕುತ್ತಿಗೆಯಲ್ಲೋ ನರ ಒತ್ತಿರಬಹುದು. ಒಳಗಿಂದ ಸೇದುವುದು, ಮೂಳೆ ಒತ್ತಿದರೆ ಜೀವ ಹೋದ ಹಾಗಾಗುವುದು ಇನ್ನೊಂದು ಕಡೆಗೆ ಬೆರಳು ತೋರಿಸುತ್ತದೆ. ಪದ ಕೇಳಿಯೇ ರೋಗ ಹೇಳಲು ಬರುವುದಿಲ್ಲ, ಒಪ್ಪೋಣ. ಆದರೆ ಎಲ್ಲಿ ಹುಡುಕಬೇಕು ಅನ್ನುವುದನ್ನು ಪದ ಹೇಳುತ್ತದೆ. ಇಂಗ್ಲಿಷಿನ 'ಪೇನ್' ಒಂದರಲ್ಲಿ ಅಷ್ಟನ್ನೂ ಅದ್ದಿದರೆ ಆ ಸುಳಿವು ಕರಗಿ ಹೋಗುತ್ತದೆ.

ಬೆಸಗರಹಳ್ಳಿ ಅಂದರೆ ಕನ್ನಡ ಓದುಗರಿಗೆ ನೆನಪಾಗುವುದು ಡಾ. ಬೆಸಗರಹಳ್ಳಿ ರಾಮಣ್ಣ. 'ನೆಲದ ಒಡಲು', 'ಗರ್ಜನೆ' ಸಂಕಲನಗಳ ಕಥೆಗಾರ. 1998ರಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಕಥಾ ಪ್ರಶಸ್ತಿಯೂ ಇದೆ. ವೃತ್ತಿಯಲ್ಲಿ ವೈದ್ಯರು, ಬರೆದದ್ದು ಇದೇ ನೆಲದ ಬಡವರ ಬದುಕನ್ನು, ಇದೇ ನೆಲದ ಮಾತಿನಲ್ಲಿ. ರೋಗಿಯ ಮಾತಿಗೆ ಕಿವಿಗೊಡುವ ವೈದ್ಯರನ್ನು ಕಂಡ ಊರು ಇದು. ಅಲ್ಲಿಯ ಹೆಂಗಸೊಬ್ಬರು ಹೇಳಿದ 'ಸೇದ್ತದೆ' ಅನ್ನುವ ಮಾತು ಚೀಟಿಗೆ ಇಳಿಯಲಿಲ್ಲವಲ್ಲ ಅಂತ ನನಗೆ ಆಗಾಗ ಅನ್ನಿಸಿದ್ದಿದೆ.

ಕಾಯಿಲೆಯ ಬಗ್ಗೆ ಎರಡು ಮಾತು. ರುಮಟಾಯ್ಡ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುತ್ತದೆ. ಪೊರೆ ಊದಿಕೊಂಡು ದಪ್ಪಗಾಗಿ, ಪಕ್ಕದ ಮೃದ್ವಸ್ಥಿಯನ್ನೂ ಮೂಳೆಯನ್ನೂ ತಿನ್ನುತ್ತದೆ. ವಯಸ್ಸಾದ ಮೇಲೆ ಬರುವ ಮಂಡಿ ಸವೆತ ಬೇರೆ, ಇದು ಬೇರೆ. ಇದು ಮೂವತ್ತು ನಲವತ್ತರಲ್ಲೂ ಬರುತ್ತದೆ, ಎರಡೂ ಕೈಯ ಸಣ್ಣ ಗಿಣ್ಣುಗಳನ್ನು ಜೋಡಿಯಾಗಿ ಹಿಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ ಸುಮಾರು 1.8 ಕೋಟಿ ಜನರಿಗೆ ಈ ಕಾಯಿಲೆ ಇತ್ತು, ಅವರಲ್ಲಿ ಶೇ 70ರಷ್ಟು ಹೆಂಗಸರು. ಈ ಹೆಸರು ಕೊಟ್ಟವರು ಲಂಡನ್ನಿನ ವೈದ್ಯ ಆಲ್‌ಫ್ರೆಡ್ ಗ್ಯಾರಡ್, 1859ರಲ್ಲಿ. ಅದಕ್ಕೂ ಸಾವಿರ ವರ್ಷಕ್ಕೆ ಮೊದಲೇ ನಮ್ಮ 'ಮಾಧವ ನಿದಾನ' ಇದನ್ನು ಹೋಲುವ ಆಮವಾತವನ್ನು ಬೇರೆಯದೇ ಅಧ್ಯಾಯ ಮಾಡಿ ವಿವರಿಸಿತ್ತು. ಮಂಡ್ಯ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ಕೀಲುನೋವು ಅಂದ ಕೂಡಲೇ "ಚಿಕುನ್‌ಗುನ್ಯಾ ಆದಾಗ್ನಿಂದ" ಅನ್ನುವವರು ಊರಿಗೆ ನಾಲ್ಕಾದರೂ ಸಿಗುತ್ತಾರೆ. ಅದು ಸುಳ್ಳೂ ಅಲ್ಲ. 2006ರಲ್ಲಿ ದೇಶದಲ್ಲಿ ವರದಿಯಾದ 13 ಲಕ್ಷಕ್ಕೂ ಮೀರಿದ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವು, ಮತ್ತು ಆ ಜ್ವರದ ಕೀಲುನೋವು ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆದರೆ ಆ ನೆನಪಿನ ನೆರಳಲ್ಲಿ ನಿಜವಾದ ರುಮಟಾಯ್ಡ್ ಎಷ್ಟೋ ತಿಂಗಳು ಅಡಗಿ ಕೂತಿರಬಹುದು.

ಇಷ್ಟು ಕೀಲಿನ ಕಥೆ. ಮೂಳೆಯದು ಬೇರೆ ಇದೆ.

ಮೂಳೆ ಅಂದರೆ ಕಲ್ಲುಕಂಬ ಅಂದುಕೊಂಡಿರುತ್ತೇವೆ. ಅದು ಗದ್ದೆಯ ಬದು ಇದ್ದ ಹಾಗೆ. ಒಂದು ಬಗೆಯ ಕೋಶಗಳು ಹಳೆಯ ಮಣ್ಣು ಕಡಿಯುತ್ತಲೇ ಇರುತ್ತವೆ, ಇನ್ನೊಂದು ಬಗೆಯವು ಹೊಸ ಮಣ್ಣು ಮೆತ್ತುತ್ತಲೇ ಇರುತ್ತವೆ. ದೊಡ್ಡವರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಹತ್ತರಲ್ಲೊಂದು ಪಾಲು ಹೀಗೆ ಹೊಸದಾಗುತ್ತದೆ. ರುಮಟಾಯ್ಡ್‌ನ ಉರಿಯೂತ ಕಡಿಯುವವರಿಗೆ ಕೂಲಿ ಹೆಚ್ಚಿಸುತ್ತದೆ, ಮೆತ್ತುವವರ ಕೈ ಕಟ್ಟುತ್ತದೆ. ಕೀಲಿನ ಹತ್ತಿರದ ಮೂಳೆಯ ಮಜ್ಜೆಯಲ್ಲೇ ಊತ ಬರುವುದೂ ಉಂಟು. ಎಂಆರ್‌ಐನಲ್ಲಿ ಅದು ಕಾಣುತ್ತದೆ, ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. "ಎಕ್ಸ್‌ರೇ ಚೆನ್ನಾಗಿದೆ, ನಿಮಗೇನೂ ಇಲ್ಲ" ಅಂತ ಹೇಳಿಸಿಕೊಂಡು ಬಂದವರು ತಮ್ಮ ನೋವಿನ ಮೇಲೆ ತಾವೇ ಅನುಮಾನ ಪಡಬೇಕಾಗಿಲ್ಲ. ಮೂಳೆಯ ಹೊರಪೊರೆಯಲ್ಲಿ ನೋವಿನ ನರ ದಟ್ಟವಾಗಿದೆ. ಕಣಕಾಲಿಗೆ ಮಂಚದ ಕಾಲು ತಗುಲಿದವರಿಗೆ ಅದನ್ನು ಹೇಳಿಕೊಡಬೇಕಿಲ್ಲ.

ಇನ್ನು ಸ್ಟೀರಾಯ್ಡ್. ಇದರ ಕಥೆ ಕೇಳುವಂಥದ್ದು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್, ಹಾಸಿಗೆ ಹಿಡಿದಿದ್ದ ರುಮಟಾಯ್ಡ್ ರೋಗಿಯೊಬ್ಬರಿಗೆ ಕಾರ್ಟಿಸೋನ್ ಚುಚ್ಚುಮದ್ದು ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. ಎರಡೇ ವರ್ಷದಲ್ಲಿ, 1950ರಲ್ಲಿ, ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ಆದರೆ ಸಂಭ್ರಮ ಇಳಿಯುವ ಹೊತ್ತಿಗೆ ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಟೊಳ್ಳಾಗುವುದು ಒಂದೊಂದೇ ಹೊರಬಿತ್ತು. ಹೆಂಚ್ ಕಂಡ ಪವಾಡವನ್ನೇ ನಮ್ಮ ಹಳ್ಳಿಗಳು ಇವತ್ತಿಗೂ ಕಾಣುತ್ತಿವೆ. "ಒಂದ್ ಸೂಜಿ ಹಾಕುದ್ರು, ಮಾರನೇ ದಿನ ಗದ್ದೆಗೆ ಹೋದೆ" ಅನ್ನುವ ಮಾತಿನ ಹಿಂದೆ ಅನೇಕ ಸಲ ಇರುವುದು ಅದೇ ಔಷಧ. ವಾಯುವಿಗೆ ಅಂತ ಪೊಟ್ಟಣ ಕಟ್ಟಿ ಮಾರುವ, ಹೆಸರಿಲ್ಲದ ಕೆಲವು 'ನಾಟಿ' ಪುಡಿಗಳಲ್ಲೂ ಸ್ಟೀರಾಯ್ಡ್ ಬೆರಕೆ ಪತ್ತೆಯಾದದ್ದಿದೆ. ಪುಡಿ ಎರಡೇ ದಿನದಲ್ಲಿ ಮಾಯ ಮಾಡಿದಂತೆ ಕೆಲಸ ಮಾಡಿದರೆ ಖುಷಿಪಡುವ ಬದಲು ಅನುಮಾನಪಡಿ.

ಸ್ಟೀರಾಯ್ಡನ್ನು ಬೈಯುವುದು ಸುಲಭ, ಆದರೆ ಬೇಕಾದಾಗ ಅದೇ ಬೇಕು. ವೈದ್ಯರು ಅಳತೆ ನೋಡಿ, ಅವಧಿ ನೋಡಿ ಕೊಡುತ್ತಾರೆ. ತಿಂಗಳುಗಟ್ಟಲೆ ನುಂಗಿದ್ದನ್ನು ಒಂದೇ ದಿನಕ್ಕೆ ನಿಲ್ಲಿಸುವುದಂತೂ ಪ್ರಾಣಕ್ಕೇ ಎರವಾಗಬಹುದು. ತಿಳಿದಿರಬೇಕಾದದ್ದು ಇಷ್ಟು: ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರ ಮೂಳೆ ಬಿದ್ದು ಏಟಾಗದೆಯೂ ಬಿರುಕು ಬಿಡಬಹುದು. ಪಾದದಲ್ಲಿ, ಹರಡಿನ ಮೇಲ್ಗಡೆ, ಬೆನ್ನುಮೂಳೆಯಲ್ಲಿ, ಸೊಂಟದಲ್ಲಿ. ಕೂದಲೆಳೆಯಂಥ ಈ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆ, ಎರಡು ಮೂರು ವಾರದ ನಂತರ ಮತ್ತೆ ತೆಗೆದಾಗ ಕಾಣಿಸಿಕೊಳ್ಳಬಹುದು. ನಡೆದಾಡುವಾಗ ತೊಡೆಸಂದಿನಲ್ಲಿ ನೋವು ಶುರುವಾದರೆ ಸೊಂಟದ ಕೀಲಿನ ಗುಂಡನೆಯ ತಲೆಗೆ ರಕ್ತ ಸಾಲದೆ ಮೂಳೆ ಸಾಯುತ್ತಿರಲೂಬಹುದು. ಅದನ್ನೂ 'ವಾಯು' ಅಂತ ಎಣ್ಣೆ ತಿಕ್ಕಿಕೊಂಡು ಕೂತವರನ್ನು ನೋಡಿದ್ದೇನೆ.

ಅತ್ತೆಯ ವಿಷಯಕ್ಕೆ ಬರುತ್ತೇನೆ. ಅವರ ಆಸ್ಪತ್ರೆ ಕಾಗದಗಳೆಲ್ಲ ಜವಳಿ ಅಂಗಡಿಯ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ, ಬೀರುವಿನ ಮೇಲೆ. ಒಂದು ಭಾನುವಾರ ಅದನ್ನು ಚಾಪೆಯ ಮೇಲೆ ಸುರಿದು ತಾರೀಕಿನ ಪ್ರಕಾರ ಜೋಡಿಸಿದೆವು. ಅವರು ತೆಗೆದುಕೊಳ್ಳುವ ಮುಖ್ಯ ಮಾತ್ರೆ ಮೆಥೊಟ್ರೆಕ್ಸೇಟ್. ಅದು ಲಿವರ್‌ಗೆ ತೊಂದರೆ ಕೊಡುತ್ತಿಲ್ಲವೇ ಅಂತ ನೋಡಲು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗುತ್ತಿತ್ತು. ಆ ಚೀಟಿಗಳಲ್ಲಿ ಆಲ್ಕಲೈನ್ ಫಾಸ್ಫಟೇಸ್ ಅಂತ ಒಂದು ಸಾಲು. ಒಂದು ವರ್ಷದಿಂದ ಪ್ರತಿ ಚೀಟಿಯಲ್ಲೂ ಆ ಸಾಲಿನ ಅಂಕಿ ಮಿತಿ ಮೀರಿತ್ತು, ಪಕ್ಕದಲ್ಲಿ ದಪ್ಪಕ್ಷರದ ಗುರುತೂ ಇತ್ತು. ಉಳಿದ ಲಿವರ್ ಅಂಕಿಗಳೆಲ್ಲ ಸರಿಯಾಗಿದ್ದವು. ಲಿವರ್ ಚೆನ್ನಾಗಿದೆ ಅಂತ ನೋಡಿ ಎಲ್ಲರೂ ಹಾಳೆ ಮಡಚಿದ್ದರು. ಆ ಕಿಣ್ವ ಲಿವರ್‌ನಿಂದ ಮಾತ್ರವಲ್ಲ, ಮೂಳೆಯಿಂದಲೂ ಬರುತ್ತದೆ.

ಮುಂದಿನ ಸಲ ಹೋದಾಗ ಕೈ ಚಾಚುವ ಮೊದಲು ಅತ್ತೆ ಕಣಕಾಲು ತೋರಿಸಿದರು. ಹೊಸದಾಗಿ ಬಂದಿದ್ದ ಕಿರಿಯ ವೈದ್ಯೆ ಅಲ್ಲಿ ಹೆಬ್ಬೆರಳಿಟ್ಟು ಒತ್ತಿದರು. ಅತ್ತೆ "ಅವ್ವಾ" ಅಂತ ಕೂಗಿದರು. ನೆಲದಿಂದ ಕೈ ಊರದೆ ಏಳ್ತೀರಾ ಅಂತ ವೈದ್ಯೆ ಕೇಳಿದರು. ಏಳಲಾಗುತ್ತಿರಲಿಲ್ಲ, ಅದನ್ನೂ ನಾವು ವಯಸ್ಸಿನ ಲೆಕ್ಕಕ್ಕೆ ಬರೆದಿದ್ದೆವು. ವಿಟಮಿನ್ ಡಿ, ಕ್ಯಾಲ್ಸಿಯಂ, ಫಾಸ್ಫರಸ್ ಪರೀಕ್ಷೆ ಬರೆದುಕೊಟ್ಟರು. ವಿಟಮಿನ್ ಡಿ 20ಕ್ಕಿಂತ ಕೆಳಗಿದ್ದರೆ ಕೊರತೆ ಅನ್ನುತ್ತಾರೆ. ಅತ್ತೆಯದು ಒಂದಂಕಿಯಲ್ಲಿತ್ತು. ಆಸ್ಟಿಯೋಮಲೇಶಿಯಾ, ಅಂದರೆ ಮೂಳೆ ಮೆತ್ತಗಾಗುವ ತೊಂದರೆ. ಬದುವಿಗೆ ಮಣ್ಣೇನೋ ಮೆತ್ತಿದ್ದಾರೆ, ಒಣಗಿ ಗಟ್ಟಿಯಾಗಿಲ್ಲ.

ನಮ್ಮ ಮನೆಯವರಿಗೆ ಇದು ನಂಬಿಕೆಯೇ ಆಗಲಿಲ್ಲ. ದಿನಕ್ಕೆ ಎರಡು ಹೊತ್ತು ರಾಗಿ ಉಣ್ಣುವ ಸೀಮೆಯಲ್ಲಿ ಮೂಳೆ ಮೆತ್ತಗಾಗುವುದು ಅಂದರೇನು? ರಾಗಿಯಲ್ಲಿ ಕ್ಯಾಲ್ಸಿಯಂ ಇರುವುದು ನಿಜ, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ, ಅಕ್ಕಿ ಗೋಧಿ ಹತ್ತಿರವೂ ಸುಳಿಯುವುದಿಲ್ಲ. ಆದರೆ ಅದನ್ನು ಕರುಳು ಹೀರಿಕೊಳ್ಳಬೇಕಾದರೆ ವಿಟಮಿನ್ ಡಿ ಬೇಕು, ಮತ್ತು ಅದು ರಾಗಿಯಲ್ಲಿಲ್ಲ. ಸಾಲದ್ದಕ್ಕೆ ರಾಗಿಯಲ್ಲಿರುವ ಫೈಟೇಟ್ ಅನ್ನುವ ಅಂಶ ಒಂದಷ್ಟು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೂಳೆಗೆ ಮೂಳೆಯೇ ಮದ್ದು ಅಂತ ವಾರಕ್ಕೊಮ್ಮೆ ಕಾಲುಸೂಪು ಕುಡಿಸುತ್ತಿದ್ದೆವು. ರುಚಿಗೆ ಏನೂ ಕಡಿಮೆಯಿರಲಿಲ್ಲ, ಆದರೆ ಮೂಳೆಯಿಂದ ಸೂಪಿಗೆ ಇಳಿಯುವ ಕ್ಯಾಲ್ಸಿಯಂ ಬಹಳ ಕಡಿಮೆಯಂತೆ.

ಬಿಸಿಲಿಗೇನು ಬರವೇ ಅಂತ ಕೇಳಬಹುದು. ತಿರುಪತಿ ಸುತ್ತಿನ ಹಳ್ಳಿಗಳಲ್ಲಿ ನಡೆದ ಅಧ್ಯಯನಗಳು ಬಿಸಿಲಿನ ಸೀಮೆಯ ಹಳ್ಳಿಗರಲ್ಲೂ ಈ ಕೊರತೆಯನ್ನು ತೋರಿಸಿವೆ. ಅದೇ ಊರಿನ ಸಂಶೋಧನೆ ಹೇಳುವಂತೆ, ಚರ್ಮ ವಿಟಮಿನ್ ಡಿ ತಯಾರಿಸುವುದು ಮುಖ್ಯವಾಗಿ ಹನ್ನೊಂದರಿಂದ ಎರಡು ಗಂಟೆಯ ನಡುವಿನ ಬಿಸಿಲಿನಲ್ಲಿ. ನಾವು ಆರೋಗ್ಯಕ್ಕೆ ಅಂತ ಕೂರಿಸುವುದು ಎಳೆಬಿಸಿಲಿನಲ್ಲಿ. ಅದು ಬೆಚ್ಚಗಿರುತ್ತದೆ, ಹಿತವಾಗಿರುತ್ತದೆ, ಈ ಕೆಲಸಕ್ಕೆ ಮಾತ್ರ ಬರುವುದಿಲ್ಲ. ಕಾಯಿಲೆ ಬರುವ ಮೊದಲು ಅತ್ತೆ ಮಧ್ಯಾಹ್ನ ಕಬ್ಬಿನ ಸೋಗೆ ಸುಲಿಯುತ್ತಿದ್ದರು, ಗದ್ದೆ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದರು. ಕಾಯಿಲೆ ಬಂದ ಮೇಲೆ ವರ್ಷಗಟ್ಟಲೆ ಹೊಸ್ತಿಲೊಳಗೇ. ವಯಸ್ಸಿನ ಚರ್ಮ, ಮೈ ತುಂಬ ಸೀರೆ. ಕಾಯಿಲೆ ನೇರವಾಗಿ ಮೂಳೆ ಕೆಡಿಸಿದ್ದಕ್ಕಿಂತ, ಮನೆಯೊಳಗೆ ಕೂರಿಸಿ ಕೆಡಿಸಿತು ಅನ್ನಬೇಕು.

ವಾರಕ್ಕೊಂದು ವಿಟಮಿನ್ ಡಿ ಪುಡಿ, ದಿನಾ ಕ್ಯಾಲ್ಸಿಯಂ ಮಾತ್ರೆ. ಸೇದುವುದು ಕಡಿಮೆಯಾಗಲು ಮೂರು ತಿಂಗಳು ಹಿಡಿಯಿತು. ಮೊದಲ ತಿಂಗಳು ಏನೂ ಆಗದೆ "ಇದೂ ಅಷ್ಟೆಯ" ಅಂತ ಬಿಡುವುದರಲ್ಲಿದ್ದರು. ಇದನ್ನು ಓದಿ ನೀವೇ ಅಂಗಡಿಗೆ ಹೋಗಿ ಪುಡಿ ತಂದು ನುಂಗಬೇಡಿ. ವಿಟಮಿನ್ ಡಿ ಮೈಯಲ್ಲಿ ಉಳಿಯುತ್ತದೆ, ಹೆಚ್ಚಾದರೆ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಏಟು. ಅಳತೆ, ಅವಧಿ ಎರಡೂ ವೈದ್ಯರದಾಗಿರಲಿ.

ವಾರದ ಮದ್ದು ಅಂದಾಗ ನೆನಪಾಯಿತು. ಮೆಥೊಟ್ರೆಕ್ಸೇಟ್ ಸಹ ವಾರಕ್ಕೊಮ್ಮೆಯದು. ಇದರ ಬೇರಿನಲ್ಲಿ ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದ ಕೆಲಸವಿದೆ. ಮೊದಲು ಕ್ಯಾನ್ಸರಿಗೆ ಬಳಸಿದರು, 1988ರಲ್ಲಿ ಅಮೆರಿಕದಲ್ಲಿ ರುಮಟಾಯ್ಡ್‌ಗೂ ಒಪ್ಪಿಗೆ ಸಿಕ್ಕಿತು. ಇವತ್ತಿಗೂ ಮೊದಲ ಮದ್ದು ಅದೇ. ತಪ್ಪಿ ದಿನಾ ನುಂಗಿದರೆ ಮಾತ್ರ ಬಾಯಿಹುಣ್ಣಿನಿಂದ ಶುರುವಾಗಿ ರಕ್ತ ಕಣಗಳೇ ಬರಿದಾಗಿ ಜೀವ ಹೋಗುವಷ್ಟು ಅಪಾಯ. ಅತ್ತೆಗೆ ಓದಲು ಬರುವುದಿಲ್ಲ. ಅವರು ಕಂಡುಕೊಂಡ ಉಪಾಯ ಸೋಮವಾರ. ಸೋಮವಾರ ಮನೆಯಲ್ಲಿ ಬಾಡು ಮಾಡುವುದಿಲ್ಲ. "ಬಾಡು ಇಲ್ಲದ ದಿನ ಆ ಮಾತ್ರೆ" ಅಂತ ಗಟ್ಟಿ ಮಾಡಿಕೊಂಡಿದ್ದಾರೆ. ಇಷ್ಟು ವರ್ಷದಲ್ಲಿ ಒಂದು ವಾರವೂ ತಪ್ಪಿಲ್ಲ, ಎರಡು ಸಲವೂ ಆಗಿಲ್ಲ. ಮಾತ್ರೆ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾದ ಎಚ್ಚರಿಕೆಗಿಂತ ಇದು ಗಟ್ಟಿ.

ಎಲ್ಲ ಮೂಳೆನೋವಿಗೂ ಹೀಗೆ ಉತ್ತರ ಸಿಗುತ್ತದೆ ಅಂತ ನಾನು ಹೇಳುತ್ತಿಲ್ಲ. ನಮ್ಮ ರಾಜ್ಯದ್ದೇ ಹಂದಿಗೋಡಿನ ಕಥೆ ಇದೆಯಲ್ಲ. ಶಿವಮೊಗ್ಗ ಜಿಲ್ಲೆ ಸಾಗರದ ಹತ್ತಿರದ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ದಲಿತ ಕೇರಿಗಳ ಜನರಿಗೆ ಸೊಂಟ, ಮಂಡಿ ನೋವು ಬಂದು ನಡೆಯಲಾಗದೆ ತೆವಳುವ ಸ್ಥಿತಿ ಬಂತು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ತಿಂದದ್ದು ಕಾರಣವಿರಬಹುದು ಅಂದರು. ವಿಜ್ಞಾನಿಗಳು ಬಂದರು, ಹೋದರು. ಕೊನೆಗೆ ತಿಳಿದದ್ದು, ಅದು ಮೂಳೆಯ ಬೆಳವಣಿಗೆಯನ್ನೇ ಕೆಡಿಸುವ, ವಂಶದಲ್ಲಿ ಹರಿದು ಬರುವ ಕಾಯಿಲೆ ಅಂತ. ರುಮಟಾಯ್ಡ್‌ಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಮೊದಲು ಹೊಳೆದ ಕಾರಣವೇ ಕೊನೆಯದಲ್ಲ ಅನ್ನುವುದಕ್ಕೆ ನಮಗೆ ಬೇರೆ ದೇಶದ ಉದಾಹರಣೆ ಬೇಕಿಲ್ಲ.

ಪರೀಕ್ಷೆಗಳೆಲ್ಲ ಸರಿಯಿದ್ದು, ಊತವೂ ಇಳಿದಿದ್ದು, ನೋವು ಮಾತ್ರ ಉಳಿಯುವುದೂ ಉಂಟು. ವರ್ಷಗಟ್ಟಲೆ ನೋವು ತಿಂದ ನರಮಂಡಲ ಅತಿ ಎಚ್ಚರವಾಗಿಬಿಡುತ್ತದೆ. ಕಳ್ಳ ಬಂದು ಹೋದ ಮೇಲೂ ತರಗೆಲೆ ಅಲ್ಲಾಡಿದರೆ ಬೊಗಳುವ ನಾಯಿಯ ಹಾಗೆ. ನಾಯಿ ಸುಳ್ಳು ಹೇಳುತ್ತಿಲ್ಲ, ಅದಕ್ಕೆ ನಿಜವಾಗಿಯೂ ಕೇಳಿಸುತ್ತಿದೆ. ರುಮಟಾಯ್ಡ್ ಇರುವ ಐವರಲ್ಲಿ ಸುಮಾರು ಒಬ್ಬರಿಗೆ ಹೀಗೆ ಮೈಯೆಲ್ಲ ನೋಯುವ ಫೈಬ್ರೋಮಯಾಲ್ಜಿಯಾ ಜೊತೆಗಿರುತ್ತದೆ. ಅದಕ್ಕೆ ಉರಿಯೂತದ ಮಾತ್ರೆ ಹೆಚ್ಚಿಸಿ ಉಪಯೋಗವಿಲ್ಲ. ನಿದ್ದೆ ಸರಿಮಾಡುವುದು, ನಿಧಾನವಾಗಿ ನಡಿಗೆ ಹೆಚ್ಚಿಸುವುದು, ಬೇರೆಯದೇ ಮಾತ್ರೆ, ಇವು ಕೆಲಸಕ್ಕೆ ಬರುತ್ತವೆ. "ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ" ಅಂತ ಮನೆಯವರು ಅಂದರೆ ನೋವಿನ ಜೊತೆ ಅವಮಾನವೂ ಸೇರುತ್ತದೆ.

ಉಳಿದ ನೋವಿನ ಜೊತೆ ಬದುಕಲು ಅತ್ತೆ ಮಾಡಿಕೊಂಡಿರುವ ಏರ್ಪಾಡುಗಳನ್ನು ನೋಡಬೇಕು. ಸೌಟು, ಚಾಕು, ಪೊರಕೆಗಳ ಹಿಡಿಗೆಲ್ಲ ಹಳೇ ಸೀರೆಯ ಪಟ್ಟಿ ಸುತ್ತಿ ದಪ್ಪ ಮಾಡಿದ್ದಾರೆ. ಹಿಡಿ ದಪ್ಪಗಾದಷ್ಟೂ ಬೆರಳಿಗೆ ಶ್ರಮ ಕಡಿಮೆ. ಕೈಚೀಲ ಬೆರಳಿಗೆ ಸಿಕ್ಕಿಸಿಕೊಳ್ಳುವುದಿಲ್ಲ, ಮೊಣಕೈಗೆ ಹಾಕಿಕೊಳ್ಳುತ್ತಾರೆ. ಲೋಟ ಎರಡು ಅಂಗೈ ನಡುವೆ. ನೆಲದಲ್ಲಿ ಕೂರುವುದು ಬಿಟ್ಟಿದ್ದಾರೆ, ಪಾಯಿಖಾನೆಯಲ್ಲಿ ಕಮೋಡ್ ಹಾಕಿಸಿದ್ದಾಯಿತು. ಹಿಂದೆ ಎಕ್ಕದೆಲೆ ಬಾಡಿಸಿ ಕಟ್ಟುತ್ತಿದ್ದರು, ಅದರ ಹಾಲು ತಾಗಿ ಒಂದು ಸಲ ಬೊಬ್ಬೆ ಎದ್ದ ಮೇಲೆ ನಿಲ್ಲಿಸಿದರು. ಈಗ ಹುರಿದ ಉಪ್ಪಿನ ಗಂಟಿನ ಶಾಖ, ಅದೂ ಊದಿ ಬಿಸಿಯಾಗಿರುವ ಕೀಲಿನ ಮೇಲೆ ಅಲ್ಲ. ಕೆಲಸವನ್ನು ತುಂಡು ಮಾಡಿಕೊಂಡಿದ್ದಾರೆ. ನೋವಿಲ್ಲದ ದಿನ ಮನೆಯೆಲ್ಲ ಸಾರಿಸಿ, ಮಾರನೇ ದಿನದಿಂದ ಮೂರು ದಿನ ಮಲಗುವ ಅಭ್ಯಾಸ ಬಿಡಿಸಲು ವರ್ಷವೇ ಬೇಕಾಯಿತು.

ಹಸು ಮಾತ್ರ ಹೋಯಿತು. ಹಾಲು ಕರೆಯುವುದಕ್ಕೆ ಬೇಕಾದ ಹಿಡಿತ ಆ ಬೆರಳುಗಳಿಗೆ ಇನ್ನು ಬರುವುದಿಲ್ಲ. ಗೆಜ್ಜಲಗೆರೆಯ ಮನ್‌ಮುಲ್‌ಗೆ ಹಾಲು ಕಳಿಸುವ ಡೇರಿಯಲ್ಲಿ ವರ್ಷಗಟ್ಟಲೆ ತಮ್ಮ ಹೆಸರಿನಲ್ಲಿ ಹಾಲು ಹಾಕಿ, ತಮ್ಮ ಕೈಗೆ ಬಟವಾಡೆ ತೆಗೆದುಕೊಂಡ ಹೆಂಗಸು. ಹಸು ಮಾರಿದ ದಿನ ಅವರು ಊಟ ಮಾಡಲಿಲ್ಲ. ನೋವಿನ ಲೆಕ್ಕದಲ್ಲಿ ಇಂಥವು ಯಾವ ಪರೀಕ್ಷೆಯಲ್ಲೂ ಬರುವುದಿಲ್ಲ.

ಆದರೆ ಹಾಲಿನ ಪುಸ್ತಕ ಉಳಿದಿತ್ತು. ತಾರೀಕು, ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು ಲೀಟರ್ ಅಂತ ಅಚ್ಚಾದ ಮನೆಗಳು, ಅರ್ಧಕ್ಕೆ ಖಾಲಿ. ನೋವು ಯಾವಾಗ, ಎಷ್ಟು ಅಂತ ಬರೆದಿಡಿ ಎಂದು ವೈದ್ಯೆ ಹೇಳಿದಾಗ ಎಂಟನೇ ಕ್ಲಾಸಿನ ಮೊಮ್ಮಗಳು ಅದನ್ನೇ ತೆಗೆದಳು. ಸೊನ್ನೆಯಿಂದ ಹತ್ತರವರೆಗೆ ಅಳತೆ. "ಅಜ್ಜಿ, ಇವತ್ತು ಎಷ್ಟು ಲೀಟರ್?" "ಬೆಳಿಗ್ಗೆ ಆರು, ಸಂಜೆ ಮೂರು ಬರ್ಕೊ." ಪಕ್ಕದಲ್ಲಿ ಎಲ್ಲಿ ಅನ್ನುವುದು: ಕೈ, ಕಣಕಾಲು, ಬೆನ್ನು. ಎರಡು ತಿಂಗಳ ಈ ಲ್ಯಾಕ್ಟೋಮೀಟರ್ ನೋಡಿ ವೈದ್ಯೆ ನಕ್ಕರು, ಆಮೇಲೆ ಗಂಭೀರವಾಗಿ ಓದಿದರು. ಕೈಯ ನೋವು ಬೆಳಿಗ್ಗೆ ಹೆಚ್ಚು, ಕಣಕಾಲಿನದು ನಿಂತು ಕೆಲಸ ಮಾಡಿದ ದಿನದ ಸಂಜೆ ಹೆಚ್ಚು. ಎರಡು ಬೇರೆ ಬೇರೆ ನೋವು ಅನ್ನುವುದು ಆ ಪುಸ್ತಕದಲ್ಲಿ ಮೊಮ್ಮಗಳ ಅಂಕಿಯಲ್ಲಿ ಕಾಣುತ್ತಿತ್ತು.

ತಡ ಮಾಡಬಾರದ ಕೆಲವು ಸಂದರ್ಭ ಇವೆ. ಒಂದೇ ಕೀಲು ಕೆಂಪಗೆ ಊದಿ ಜ್ವರ ಬಂದರೆ ಅದು ಸೋಂಕಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಣ್ಣಗೆ ಎಡವಿದ್ದಕ್ಕೆ ಬೆನ್ನಿನಲ್ಲಿ ಸಹಿಸಲಾಗದ ನೋವು, ನಡೆದರೆ ತೊಡೆಸಂದಿನ ನೋವು, ಮಲಗಿದರೂ ಬಿಡದ ನೋವಿನ ಜೊತೆ ತೂಕ ಇಳಿಯುವುದು, ತಲೆಯ ಹಿಂಭಾಗ ನೋಯುತ್ತಾ ಕೈಕಾಲು ಬಲ ಕಳೆದುಕೊಳ್ಳುವುದು, ಇವಾವುದನ್ನೂ ಮುಂದಿನ ತಿಂಗಳ ತಪಾಸಣೆಗೆ ಇಟ್ಟುಕೊಳ್ಳಬಾರದು. ಹೋಗಿಬರುವ ಖರ್ಚು ನೋಡಿ ಸುಮ್ಮನಿರುತ್ತಿದ್ದ ಹೆಂಗಸರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಉಚಿತ ಬಸ್ಸು ಇದೆ. ಅತ್ತೆ ಮೈಸೂರಿಗೆ ಹೋಗುವುದು ಅದರಲ್ಲೇ. ಬಸ್ಸಿನ ಮೆಟ್ಟಿಲು ಎತ್ತರ ಅನ್ನುವುದು ಅವರ ಒಂದೇ ದೂರು.

ಚಳಿಗಾಲದಲ್ಲಿ ಈಗಲೂ ಕಣಕಾಲು ಒಂದೊಂದು ರಾತ್ರಿ ಸೇದುತ್ತದೆ. ಪುಸ್ತಕದಲ್ಲಿ ಅದು ಎರಡು, ಮೂರು ಲೀಟರ್. ಮೊದಲು ಎಂಟು ಇರುತ್ತಿತ್ತು. ಹಿಟ್ಟು ಸೊಸೆ ತೊಳಸುತ್ತಾಳೆ, ಕಟ್ಟುವುದು ಅತ್ತೆ.

ನಿಮ್ಮ ಮನೆಯಲ್ಲೂ ಬೀರುವಿನ ಮೇಲೆ ಅಂಥದೊಂದು ಪ್ಲಾಸ್ಟಿಕ್ ಕವರ್ ಇದ್ದರೆ ಈ ಭಾನುವಾರ ಇಳಿಸಿ, ತಾರೀಕಿನ ಪ್ರಕಾರ ಜೋಡಿಸಿ. ಆಲ್ಕಲೈನ್ ಫಾಸ್ಫಟೇಸ್ ಸಾಲು ಹುಡುಕಿ, ವಿಟಮಿನ್ ಡಿ ಯಾವಾಗಲಾದರೂ ನೋಡಿದ್ದಾರಾ ನೋಡಿ. ಮುಂದಿನ ಸಲ ಡಾಕ್ಟರ ಮುಂದೆ ಕೂತಾಗ ನೋವು ಎಲ್ಲಿ ಅಂತ ಬೆರಳಿಟ್ಟು ತೋರಿಸಿ, ಮತ್ತು ಅದನ್ನು ನಿಮ್ಮ ಮಾತಿನಲ್ಲೇ ಹೇಳಿ.